ಭರಣಿಗೆ ‘ಭರಣ’ವೇ ಮೂಲವೇ?

ಶಿರಸಿ, ಸಿದ್ದಾಪುರದ ಕಡೆ ಮಿಡಿ ಉಪ್ಪಿನಕಾಯಿ ಹಾಕಿಡುವ ಪಿಂಗಾಣಿ ಪಾತ್ರೆಗೆ ಭರಣಿ ಎನ್ನುತ್ತಾರೆ. ಬಯಲುಸೀಮೆಯವರಿಗೆ ಅದು ಜಾಡಿ. ತುಂಬುವುದು ಎಂಬರ್ಥದ ಸಂಸ್ಕೃತ ‘ಭರಣ’ದಿಂದ ಬಂತೆಂಬ ವಿವರಣೆ ನನಗೆ ಒಪ್ಪಿಗೆಯಿಲ್ಲ. ತುಂಬುವುದಕ್ಕೇ ಆ ಹೆಸರಾದರೆ ಕೊಡ, ಗಡಿಗೆ, ಹಂಡೆ ಎಲ್ಲವೂ ಭರಣಿಯೇ ಆಗಬೇಕಿತ್ತು. ಮಣ್ಣಿನ ಗಡಿಗೆಯನ್ನು ಯಾರೂ ಭರಣಿ ಎನ್ನುವುದಿಲ್ಲ. ಮೈಗೆ ಗಾಜಿನ ಹೊಳಪಿರಬೇಕು.

ಆ ಹೊಳಪು ಚಂದಕ್ಕಲ್ಲ. ಮಿಡಿಯನ್ನು ಉಪ್ಪಿಗೆ ಹಾಕುವ ಕ್ರಮ ನೋಡಿ: ಅರ್ಧ ಇಂಚು ತೊಟ್ಟು ಉಳಿಸಿ ಕೊಯ್ದ ಅಪ್ಪೆಮಿಡಿ (ಉಪ್ಪಿನಕಾಯಿಗೆಂದೇ ಕೊಯ್ಯುವ ಎಳೆ ಮಾವು) 4 ಕಿಲೋಗೆ ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪು 1 ಕಿಲೋ, ಒಂದು ಹಾಸು ಮಿಡಿ, ಒಂದು ಹಾಸು ಉಪ್ಪು. ಹತ್ತು ಹದಿನೈದು ದಿನದಲ್ಲಿ ಮಿಡಿ ಚಿರುಟಿ, ತನ್ನದೇ ನೀರಲ್ಲಿ ಮುಳುಗುತ್ತದೆ. ಬರಿ ಮಣ್ಣಿನ ಗಡಿಗೆ ಈ ಉಪ್ಪುನೀರನ್ನು ಕುಡಿಯುತ್ತದೆ. ಒಳಗೆ ನೀರು ಇಳಿದು ಮೇಲಿನ ಮಿಡಿಗೆ ಗಾಳಿ ತಾಗಿ ಬೂಷ್ಟು ಬರುತ್ತದೆ. ಹೊರಮೈಯಲ್ಲಿ ಉಪ್ಪು ಹರಳುಗಟ್ಟಿ ಮಣ್ಣು ಪದರಪದರವಾಗಿ ಉದುರುತ್ತದೆ. ಲೋಹವನ್ನಂತೂ ಹುಳಿ, ಉಪ್ಪು ಸೇರಿ ತಿಂದುಹಾಕುತ್ತವೆ. ಹಳೆಯ ಭರಣಿಯನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡಬೇಕು: ಠಣ್ ಎಂದರೆ ಸರಿ, ಬೊದ್ ಎಂದರೆ ಕೂದಲೆಳೆಯ ಬಿರುಕಿದೆ. ಅನುಮಾನವಿದ್ದರೆ ನೀರು ತುಂಬಿ ರಾತ್ರಿಯಿಡೀ ಒಣ ಕಾಗದದ ಮೇಲಿಡಿ.

ಈಗ ಪದಕ್ಕೆ ಬರೋಣ. ಅರಬ್ಬಿಯಲ್ಲಿ ‘ಬರ್ನಿಯ್ಯ’ ಎಂದರೆ ಇಂಥದೇ ಜಾಡಿ; ಸ್ಪ್ಯಾನಿಷ್‌ಗೆ ಅದೇ ಹೋಗಿ ‘ಅಲ್ಬೊರ್ನಿಯ’ ಆಯಿತು. ಮರಾಠಿಯಲ್ಲಿ ‘ಬರಣಿ’. ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಮರಾಠಿಯದೇ. ಕನ್ನಡದ ಆಡುಮಾತಿನಲ್ಲಿ ಮಹಾಪ್ರಾಣ ಹೇಗೂ ಸಡಿಲ, ‘ಬರಣಿ’ ಎಂದರೆ ಏನೂ ತೀರ್ಮಾನವಾಗದು. ಮರಾಠಿ ಹಾಗಲ್ಲ. ತುಂಬುವುದಕ್ಕೆ ಅಲ್ಲಿ ‘ಭರಣೆ’ ಎಂಬ ಕ್ರಿಯಾಪದ ದಿನಬಳಕೆಯಲ್ಲಿದ್ದೂ, ಜಾಡಿಗೆ ಮಾತ್ರ ಅಲ್ಪಪ್ರಾಣದ ‘ಬರಣಿ’. ಎರಡೂ ಒಂದೇ ಬೇರಿನವಾಗಿದ್ದರೆ ಈ ವ್ಯತ್ಯಾಸ ಉಳಿಯುತ್ತಿರಲಿಲ್ಲ.

ಸಂಪರ್ಕವೂ ಹೊಸದಲ್ಲ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಅಲ್ಲಿಯ ಊಟದಲ್ಲಿ ತುಪ್ಪ ಹಾಕಿದ ಅನ್ನದ ಜೊತೆ ಉಪ್ಪಿನಲ್ಲಿಟ್ಟ ಮೆಣಸು, ಹಸಿಶುಂಠಿ, ಲಿಂಬೆ, ಮಾವು ಬಡಿಸಿದ್ದನ್ನು ಬರೆದಿದ್ದಾನೆ. ಅರಬ್ಬಿ ಹಡಗುಗಳು ಬರುತ್ತಿದ್ದ ಈ ಬಂದರುಗಳಲ್ಲಿ ಪಾತ್ರೆಯ ಜೊತೆ ಅದರ ಹೆಸರೂ ಇಳಿದಿರುವುದು ಸಹಜ. ‘ಭರಣ’ವೂ ಭರಣಿ ನಕ್ಷತ್ರವೂ ಕಿವಿಗೆ ಪರಿಚಿತವಾದ್ದರಿಂದ ಮಹಾಪ್ರಾಣ ಆಮೇಲೆ ಸೇರಿಕೊಂಡಿರಬೇಕು. ಬರಹದಲ್ಲಿ ‘ಭರಣಿ’ ನಿಂತುಹೋಗಿದೆ, ಇರಲಿ. ‘ಬರಣಿ’ ಎಂದವರನ್ನು ತಿದ್ದಬೇಡಿ.