ಸಹಾಯ ಬೇಕು: ಕಂಗು (ಅಡಿಕೆ ಮರ) ಬಾಗಿದರೂ ಮುರಿಯದಿರುವುದು ಯಾವ ಅಂಗಾಂಶದಿಂದ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಸಸ್ಯಗಳಿಗೆ ಆಧಾರ ಕೊಡುವ ಅಂಗಾಂಶಗಳ ಬಗ್ಗೆ ಸೆಮಿನಾರ್ ಇದೆ. ಅವಳ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಪಾಠ ಅರ್ಥವಾಗಿದೆ. ಕೋಲಂಕೈಮಾ ಜೀವಂತ ಕೋಶ, ಗೋಡೆ ಮೂಲೆಗಳಲ್ಲಿ ಮಾತ್ರ ದಪ್ಪ, ಅದಕ್ಕೇ ಎಳೆ ಕಾಂಡ ಬೆಳೆಯುತ್ತಲೇ ಬಾಗಬಹುದು. ಸ್ಕ್ಲೀರಂಕೈಮಾದ ಗೋಡೆಯಲ್ಲಿ ಲಿಗ್ನಿನ್ ಎಂಬ ಬಿರುಸು ವಸ್ತು ತುಂಬಿ ಗಟ್ಟಿ, ಬಲಿತ ಮೇಲೆ ಕೋಶ ಸತ್ತಿರುತ್ತದೆ. ತೆಂಗಿನ ನಾರು ಇದೇ. ಚೀನಿಕಾಯಿ (ಸಿಹಿಗುಂಬಳ) ಬಳ್ಳಿ ಕೊಯ್ದು ನೋಡಿದೆವು, ಹೊರಗಿನ ಏಣುಗಳ ಸಿಪ್ಪೆಯ ಕೆಳಗೆ ಕೋಲಂಕೈಮಾ ಇರುತ್ತದಂತೆ, ಅಲ್ಲಿ ಉಗುರಿಗೆ ಬಿಗಿಯಾಗಿ ಸಿಗುತ್ತದೆ. ಸರಿ.

ಆದರೆ ಕಂಗು? ಅದು ಏಕದಳ (ಬೀಜದಲ್ಲಿ ಒಂದೇ ದಳ), ಏಕದಳ ಕಾಂಡದಲ್ಲಿ ಸಾಮಾನ್ಯವಾಗಿ ಕೋಲಂಕೈಮಾ ಇರುವುದಿಲ್ಲ ಎಂದು ಪುಸ್ತಕವೇ ಹೇಳುತ್ತದೆ, ಹಾಗಿದ್ದರೂ ಮಳೆಗಾಲದ ಗಾಳಿಗೆ ತಲೆ ಅಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದಲ್ವಾ! ಬಿದ್ದ ಮರ ಸೀಳಿದರೆ ಹೊರಸುತ್ತು ಸಲಾಕೆಯಂತೆ ಗಟ್ಟಿ, ಕಪ್ಪು ನಾರಿನ ಗೆರೆಗಳು ಒತ್ತೊತ್ತಾಗಿವೆ. ನಡುವೆ ಮೆತ್ತಗಿನ ತಿರುಳು, ಅದನ್ನು ಕೆರೆದೇ ನೀರು ಹರಿಸುವ ದಂಬೆ ಮಾಡುವುದು. ಟೀಚರ್ ಹತ್ತಿರ ಕೇಳಿದ್ದಕ್ಕೆ 'ಪರೀಕ್ಷೆಗೆ ಬರುವುದಿಲ್ಲ' ಅಂದರಂತೆ. ಯೂಟ್ಯೂಬಿನಲ್ಲಿ ಎಲ್ಲವೂ ದ್ವಿದಳದ ಚಿತ್ರಗಳೇ.

ಗೊತ್ತಿರುವವರು ಹೇಳಿ: ಕಂಗು ಬಾಗಿ ಹಿಂದಕ್ಕೆ ಬರುವುದು ಸತ್ತ ನಾರುಗಳಿಂದಲೇ, ಅಥವಾ ತಿರುಳಿನ ಜೀವಂತ ಪೇರಂಕೈಮಾಕ್ಕೂ (ತೆಳು ಗೋಡೆಯ ಮೆತ್ತಗಿನ ಕೋಶಗಳ ಅಂಗಾಂಶ) ಅದರಲ್ಲಿ ಪಾಲಿದೆಯೇ?