ಹಕ್ಕು ‘ಅಮಾನತು’ ಆಗುತ್ತದೆಯೇ? ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು

ಗೆಳೆಯರೇ, ಸ್ವಲ್ಪ ಅರ್ಜೆಂಟು. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತುರ್ತು ಪರಿಸ್ಥಿತಿ ಬಗ್ಗೆ ಪುಟ್ಟ ಪ್ರದರ್ಶನ ಇದೆ. 1975ರ ಜೂನ್ 27ರ ರಾಷ್ಟ್ರಪತಿ ಆದೇಶದ ಫಲಕ ನನ್ನ ಪಾಲಿಗೆ ಬಂದಿದೆ. ಮೂಲಭೂತ ಹಕ್ಕುಗಳ ‘ಸಸ್ಪೆನ್ಷನ್’ಗೆ ಏನು ಬರೆಯಲಿ? ರದ್ದು, ನಿಲಂಬನ, ಅಮಾನತು ಮೂರನ್ನೂ ಪೆನ್ಸಿಲಿನಲ್ಲಿ ಬರೆದು ಹೊಡೆದು ಹಾಕಿದ್ದೇನೆ. ಅಮಾನತು ಅಂದ ಕೂಡಲೇ ಲಂಚ ತಿಂದು ಸಿಕ್ಕಿಬಿದ್ದ ಗುಮಾಸ್ತ ಕಣ್ಣಿಗೆ ಬರುತ್ತಾನೆ. ಫಲಕದಲ್ಲಿ ಜಾಗ ಒಂದೇ ಸಾಲಿಗೆ.

*

ರದ್ದು ಬೇಡ. ರದ್ದಾದದ್ದು ಹೋಯ್ತು ಅಂತಲೇ ಲೆಕ್ಕ. ಇವು 1977ರ ಮಾರ್ಚಿನಲ್ಲಿ ವಾಪಸ್ ಬಂದವು. ನಿಲಂಬನ ಹಿಂದಿಯವರದು, ನಮ್ಮ ಕಿವಿಗೆ ವಿಳಂಬ ಅಂತ ಕೇಳಿಸುತ್ತೆ.

ಅಮಾನತು ಹಾಕಿ. ಅರಬ್ಬಿಯಲ್ಲಿ ಅದು ನಂಬಿ ಒಪ್ಪಿಸಿದ ಗಂಟು. ಕೇಳಿದಾಗ ಹಾಗೇ ಹಿಂದಿರುಗಿಸಬೇಕು. ಹಕ್ಕಿಗೆ ಇದಕ್ಕಿಂತ ಒಪ್ಪುವ ಪದ ಉಂಟಾ?

*

ಯಾರು ಯಾರನ್ನು ನಂಬಿ ಒಪ್ಪಿಸಿದರು? ಕಿತ್ತುಕೊಂಡದ್ದು ಅದು. ಅರಬ್ಬಿ ಅಂತ ನೀವೇ ಹೇಳ್ತಿದ್ದೀರಿ, ಮತ್ತೆ ಅದನ್ನೇ ಹೊತ್ತು ತರ್ತೀರಿ. ‘ತಡೆಹಿಡಿ’ ಇದೆಯಲ್ಲ, ಅಚ್ಚಗನ್ನಡ. ಕನ್ನಡದ ಹಕ್ಕಿಗೆ ಕನ್ನಡದ ಪದ.

*

ಹಕ್ಕು ಯಾವ ಊರಿನದು ಸ್ವಾಮಿ? ಅದೂ ಅರಬ್ಬಿಯೇ. ಕಾನೂನು, ವಕೀಲ, ಜಾರಿ ಎಲ್ಲಾ ಅಲ್ಲಿಂದಲೇ ಬಂದವು.

*

ಹಕ್ಕು ಎಂದೋ ನಮ್ಮದಾಗಿದೆ. ಸುಮ್ನೆ ವಾದ ಬೇಡ.

*

ಅಮಾನತು ನಮ್ಮದಾಗೋದು ಯಾವಾಗ? ತಾರೀಖು ಕೊಡಿ, ಬರೆದಿಟ್ಕೋತೀನಿ.

*

ಪದ ಆಮೇಲೆ. ಅಮಾನತು ಆದದ್ದು ಏನು ಅಂತ ಮೊದಲು ನೋಡಿ. ಸಂವಿಧಾನದ 358ನೇ ವಿಧಿಯಲ್ಲಿ, ತುರ್ತು ಪರಿಸ್ಥಿತಿ ಬಂದರೆ 19ನೇ ವಿಧಿ (ಮಾತು, ಸಭೆ ಮುಂತಾದ ಸ್ವಾತಂತ್ರ್ಯ) ಆಗ ತಾನಾಗೇ ಮಲಗುತ್ತಿತ್ತು, ಬೇರೆ ಆದೇಶ ಬೇಕಿರಲಿಲ್ಲ. ನಿಮ್ಮ ಫಲಕದ್ದು 359ನೇ ವಿಧಿಯ ಆದೇಶ. ಆ ಆದೇಶ 14 (ಸಮಾನತೆ), 21 (ಜೀವ, ಸ್ವಾತಂತ್ರ್ಯ), 22ನೇ (ಬಂಧನದಲ್ಲಿ ರಕ್ಷಣೆ) ವಿಧಿಗಳನ್ನು ಅಳಿಸಲಿಲ್ಲ. ಅವನ್ನು ಕೇಳಿಕೊಂಡು ಕೋರ್ಟಿಗೆ ಹೋಗುವ ದಾರಿಗೆ ಬೇಲಿ ಹಾಕಿತು.

ಈ ವ್ಯತ್ಯಾಸ ಬರೀ ವ್ಯಾಕರಣ ಅಲ್ಲ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧನವಾಗಿ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿದ್ದವರು. ಬಂಧನವನ್ನು ಪ್ರಶ್ನಿಸಿ ಅವರು ನಮ್ಮ ಹೈಕೋರ್ಟಿನ ಬಾಗಿಲು ತಟ್ಟಿದ್ದರು. ಇಂಥ ಅರ್ಜಿಗಳೆಲ್ಲ ಸುಪ್ರೀಂ ಕೋರ್ಟಿನಲ್ಲಿ ಜಬಲ್‌ಪುರ ಪ್ರಕರಣವಾಗಿ ಒಟ್ಟಿಗೆ ಬಂದವು. ಪೊಲೀಸನೊಬ್ಬ ದ್ವೇಷಕ್ಕೆ ಪ್ರಾಣ ತೆಗೆದರೂ ಕೋರ್ಟಿಗೆ ಬರುವ ಹಾಗಿಲ್ಲವೇ ಎಂದು ನ್ಯಾಯಮೂರ್ತಿ ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವಷ್ಟು ದಿನ ಬರುವ ಹಾಗಿಲ್ಲ ಎಂದರು ಅಟಾರ್ನಿ ಜನರಲ್ ನಿರೇನ್ ಡೇ. 1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಕಡೆ, ಖನ್ನಾ ಒಬ್ಬರೇ ಬೇರೆ. ಆಮೇಲೆ 1978ರ 44ನೇ ತಿದ್ದುಪಡಿ 20 ಮತ್ತು 21ನೇ ವಿಧಿಗಳನ್ನು 359ರ ಕೈಗೆ ಸಿಗದ ಹಾಗೆ ಇಟ್ಟಿತು.

ಹಾಗಾಗಿ ‘ಹಕ್ಕು ಅಮಾನತು’ ಅಂದರೂ ತಪ್ಪು, ‘ಹಕ್ಕು ತಡೆಹಿಡಿದರು’ ಅಂದರೂ ತಪ್ಪು. ಹಕ್ಕಿನ ಜಾರಿ ನಿಂತಿತು.

*

ಜಾರಿ ನಿಂತಿತೋ, ಜಾರಿ ಬಿತ್ತೋ? ಮಕ್ಕಳು ಓದೋ ಫಲಕ ಕಣ್ರೀ.

*

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸಿದೆ: ‘14, 21, 22ನೇ ವಿಧಿಗಳ ಹಕ್ಕಿಗಾಗಿ ಕೋರ್ಟಿಗೆ ಹೋಗಲು ತಡೆ.’ ಒಂದೇ ಸಾಲಲ್ಲಿ ಕೂತಿತು. ಅಮಾನತಿಗೆ ಜಾಗ ಸಿಗಲಿಲ್ಲ, ಬೇಜಾರಾಗಬೇಡಿ.

*

‘ವಿಧಿ’ ಅಂದ್ರೆ ಹಣೆಬರಹ ಅಂತ ಓದ್ಕೋತಾರೆ. ‘ಕಲಂ’ ಹಾಕಬೇಕಿತ್ತು.

*

ಕಲಂ ಅರಬ್ಬಿ.