ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡೋದು ಅಷ್ಟು ದೊಡ್ಡ ತಪ್ಪಾ?

ಗುಬ್ಬಚ್ಚಿ: ನಮ್ಮಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದು ಕಪಾಟಲ್ಲಿ ಇಟ್ಕೊಂಡಿದ್ದಾರೆ. ತಮ್ಮ ನೋಡಿ, "ಮೊದಲು ಅದನ್ನ ಹರಿದು ಹಾಕು" ಅಂತ ಕೂಗಾಡ್ತಿದಾನೆ. ಅವನದ್ದೋ, ಎಲ್ಲಾ ಕಡೆ ಒಂದೇ ಪಾಸ್‌ವರ್ಡ್, ಕೊನೇ ಅಂಕಿ ಮಾತ್ರ ಬೇರೆ ಬೇರೆ. ಯಾರದ್ದು ಸರಿ?

ಹಳೇಕೀಲಿ: ಅಮ್ಮಂದೇ ಸರಿ. ಆ ಪುಸ್ತಕ ಓದೋಕೆ ಕಳ್ಳ ಮನೆಯೊಳಗೇ ಬರಬೇಕು. ತಮ್ಮನ ವಿಷಯದಲ್ಲಿ ಕಳ್ಳನಿಗೆ ಆ ಶ್ರಮವೂ ಇಲ್ಲ. ಎಲ್ಲೋ ಒಂದು ಸೈಟಿಂದ ಸೋರಿದ ಇಮೇಲ್, ಪಾಸ್‌ವರ್ಡ್ ಜೋಡಿಯನ್ನ ಬೇರೆ ಸೈಟ್‌ಗಳಿಗೆಲ್ಲ ಹಾಕಿ ನೋಡೋಕೆ ಪ್ರೋಗ್ರಾಂಗಳೇ ಇವೆ. ಕೊನೇ ಅಂಕಿ ಬದಲಾಯಿಸಿ ನೋಡೋದೂ ಅವಕ್ಕೆ ಗೊತ್ತು. ನಮ್ಮ ಇಮೇಲ್ ಎಲ್ಲಾದ್ರೂ ಸೋರಿದೆಯಾ ಅಂತ ಹೇಳೋಕೆ ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ 'ಹ್ಯಾವ್ ಐ ಬೀನ್ ಪೌನ್ಡ್' ಸೈಟಲ್ಲಿ ತಮ್ಮನ ಇಮೇಲ್ ಹಾಕಿಸಿ ನೋಡಿ, ಆಮೇಲೆ ಅವನೇ ಸುಮ್ಮನಾಗಬಹುದು.

ಒಂದೇ ಷರತ್ತು: ಅಮ್ಮ ಆ ಪುಸ್ತಕದ ಪುಟದ ಫೋಟೋ ತೆಗೆದು ಫೋನಲ್ಲಿ ಇಟ್ಕೋಬಾರದು. ಗ್ಯಾಲರಿ ಕ್ಲೌಡ್‌ಗೆ ಬ್ಯಾಕಪ್ ಆಗ್ತಿದ್ರೆ ಕಪಾಟಿಗೆ ಬೀಗ ಹಾಕಿ ಏನು ಬಂತು?

ಮಳೆಬಿಲ್ಲು: ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು ಅನ್ನೋದನ್ನೂ ಹೇಳಿ.

ಹಳೇಕೀಲಿ: ಹೇಳಲ್ಲ. ಇಂಥ ಮಾನದಂಡಗಳನ್ನ ರೂಪಿಸೋ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ (NIST) ತಾನೇ 2017ರಲ್ಲಿ ಆ ಸಲಹೆ ಕೈಬಿಟ್ಟಿತು. ಬಲವಂತ ಮಾಡಿದ್ರೆ ಜನ ಹಳೇದರ ಬಾಲಕ್ಕೆ ಒಂದು, ಎರಡು ಅಂತ ಸೇರಿಸ್ತಾ ಹೋಗ್ತಾರೆ, ತಮ್ಮನ ಥರಾನೇ. ಸೋರಿದೆ ಅಂತ ಅನುಮಾನ ಬಂದ್ರೆ ಮಾತ್ರ ತಕ್ಷಣ ಬದಲಾಯಿಸಿ. ಇಮೇಲ್‌ನದ್ದು ಮೊದಲು, ಯಾಕಂದ್ರೆ ಉಳಿದೆಲ್ಲದರ 'ಪಾಸ್‌ವರ್ಡ್ ಮರೆತಿದ್ದೇನೆ' ಲಿಂಕ್ ಬರೋದು ಅಲ್ಲಿಗೇ.

ಗುಬ್ಬಚ್ಚಿ: ತಮ್ಮನಿಗೆ ಪಾಸ್‌ವರ್ಡ್ ಮ್ಯಾನೇಜರ್, ಅಂದ್ರೆ ಎಲ್ಲಾ ಪಾಸ್‌ವರ್ಡ್ ಇಟ್ಕೊಂಡು ತಾನೇ ತುಂಬಿಸೋ ಆ್ಯಪ್, ಹಾಕಿಕೊಟ್ರೆ ಹೇಗೆ ಸರ್? ಅದನ್ನೇ ಒಡೆದ್ರೆ ಎಲ್ಲಾ ಹೋಯ್ತಲ್ಲ ಅಂತ ಭಯ.

ಹಳೇಕೀಲಿ: ಭಯ ನ್ಯಾಯವಾದದ್ದೇ. ಅದಕ್ಕೇ ಅದರ ಮುಖ್ಯ ಪಾಸ್‌ವರ್ಡ್ ಉದ್ದ ಇರಲಿ, ಸಂಬಂಧವೇ ಇಲ್ಲದ ಐದಾರು ಪದ ಪೋಣಿಸಿದ್ರೆ ಸಾಕು. ಅದನ್ನ ಬೇರೆಲ್ಲೂ ಹಾಕಬಾರದು. ಆದ್ರೆ ನಾನು ಮ್ಯಾನೇಜರ್ ಬಿಡದಿರೋದಕ್ಕೆ ಕಾರಣ ಬೇರೆ. ನಕಲಿ ಸೈಟಿನ ವಿಳಾಸದಲ್ಲಿ ಇಂಗ್ಲಿಷಿನ ಆರ್, ಎನ್ ಅಕ್ಷರಗಳನ್ನ ಪಕ್ಕಪಕ್ಕ ಕೂರಿಸಿದ್ರೆ ಎಮ್ ಥರಾನೇ ಕಾಣ್ಸುತ್ತೆ. ನಮ್ಮ ಕಣ್ಣು ಮೋಸ ಹೋಗುತ್ತೆ, ಬಿಟ್‌ವಾರ್ಡನ್ ಥರದ ಮ್ಯಾನೇಜರ್ ಹೋಗಲ್ಲ. ವಿಳಾಸ ಹೊಂದದಿದ್ರೆ ಪಾಸ್‌ವರ್ಡ್ ತುಂಬಿಸಲ್ಲ, ಅಷ್ಟೇ. "ಯಾಕೋ ತುಂಬಿಸ್ತಿಲ್ಲ" ಅಂತ ತಾನೇ ಕಾಪಿ ಮಾಡಿ ಹಾಕೋ ಮೊದಲು ತಮ್ಮ ವಿಳಾಸ ನೋಡೋದು ಕಲೀಬೇಕು.

ಮಳೆಬಿಲ್ಲು: ಎರಡನೇ ಹಂತದ ಕೋಡ್ ಎಸ್‌ಎಂಎಸ್‌ನಲ್ಲೇ ಬಂದ್ರೆ ಸಾಕಾ?

ಹಳೇಕೀಲಿ: ಏನೂ ಇಲ್ಲದ್ದಕ್ಕಿಂತ ವಾಸಿ. ನಿಮ್ಮ ನಂಬರಿಗೆ ಬೇರೆಯವರು ಸಿಮ್ ತಗೊಂಡ್ರೆ ಕೋಡೂ ಅವರಿಗೇ. 30 ಸೆಕೆಂಡಿಗೊಮ್ಮೆ ಬದಲಾಗೋ ಕೋಡ್ ಕೊಡುವ ಆ್ಯಪ್ ಮೇಲು. ಆದ್ರೆ ಫೋನ್ ರೀಸೆಟ್ ಮಾಡೋ ಮುಂಚೆ ಆ ಆ್ಯಪ್‌ನ ಬ್ಯಾಕಪ್ ಇದೆಯಾ, ಆ್ಯಪ್ ಇಲ್ಲದಾಗ ಒಳಗೆ ಹೋಗೋಕೆ ಸೈಟ್ ಕೊಟ್ಟಿರೋ ರಿಕವರಿ ಕೋಡ್‌ಗಳು ಕೈಲಿವೆಯಾ ನೋಡ್ಕೊಳ್ಳಿ.